ಹೊಗೆ ಕಾಣದ ಕಾರಿನ ಪೂರ್ತಿ ಲೆಕ್ಕ

2001ರಲ್ಲಿ ಬೆಂಗಳೂರಿನ ರಸ್ತೆಗಳಿಗೆ ಒಂದು ಪುಟ್ಟ ಕಾರು ಬಂತು. ಎರಡೇ ಬಾಗಿಲು, ಉದ್ದ ಎರಡೂವರೆ ಮೀಟರಿಗಿಂತ ತುಸು ಹೆಚ್ಚು, ಹಿಂದಿನ ಸೀಟಿನಲ್ಲಿ ಮಕ್ಕಳಿಗಷ್ಟೇ ಜಾಗ. ಚೇತನ್ ಮೈನಿ ಮತ್ತು ಅವರ ತಂಡ ನಗರದ ಹೊರವಲಯದ ಬೊಮ್ಮಸಂದ್ರದಲ್ಲಿ ತಯಾರಿಸಿದ ಆ ಕಾರಿನ ಹೆಸರು ರೇವಾ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 80 ಕಿಲೊಮೀಟರ್ ಓಡುತ್ತದೆ ಎಂದು ಕಂಪನಿ ಹೇಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿಗೂ ಹೋಯಿತು. ಲಂಡನ್ನಿನ ನಡುಭಾಗಕ್ಕೆ ಬರುವ ವಾಹನಗಳಿಗೆ 2003ರಿಂದ ವಿಧಿಸುತ್ತಿದ್ದ ದಟ್ಟಣೆ ಶುಲ್ಕದಿಂದ ಅದಕ್ಕೆ ವಿನಾಯಿತಿ ಸಿಕ್ಕಿತು. ಕಾರಣ ಇಷ್ಟೇ: ಅದು ಬೀದಿಯಲ್ಲಿ ಹೊಗೆ ಬಿಡುತ್ತಿರಲಿಲ್ಲ.

ಇಂದು ರೇವಾ ಇಲ್ಲ. 2010ರಲ್ಲಿ ಮಹೀಂದ್ರ ಕಂಪನಿ ಅದನ್ನು ತಯಾರಿಸುತ್ತಿದ್ದ ಕಂಪನಿಯ ಹೆಚ್ಚಿನ ಪಾಲು ಕೊಂಡಿತು, 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ2ಒ’ ಕಾರು ಬಂತು. ಈಗ ಟಾಟಾ ಟಿಯಾಗೊ, ಎಂಜಿ ಕಾಮೆಟ್‌ನಂಥ ಸಣ್ಣ ಎಲೆಕ್ಟ್ರಿಕ್ ಕಾರುಗಳು (ಇವಿ) ಜಿಲ್ಲಾ ಕೇಂದ್ರಗಳಲ್ಲೂ ಕಾಣುತ್ತವೆ. ಜೊತೆಗೇ ಎರಡು ಬಗೆಯ ಮಾತುಗಳೂ ಕೇಳಿಬರುತ್ತವೆ. ‘ಹೊಗೆಯೇ ಇಲ್ಲ, ಶೂನ್ಯ ಮಾಲಿನ್ಯ’ ಎನ್ನುವವರು ಒಂದು ಕಡೆ. ‘ಕರೆಂಟು ಬರುವುದು ಕಲ್ಲಿದ್ದಲಿನಿಂದ, ಬ್ಯಾಟರಿ ಮಾಡಲು ಬೆಟ್ಟ ಅಗೆಯುತ್ತಾರೆ, ಇದಕ್ಕಿಂತ ಪೆಟ್ರೋಲೇ ವಾಸಿ’ ಎನ್ನುವವರು ಇನ್ನೊಂದು ಕಡೆ. ಎರಡೂ ಅರ್ಧ ಲೆಕ್ಕಗಳು. ಮೊದಲನೆಯವರು ಕಾರಿನ ಹಿಂಬದಿಯನ್ನಷ್ಟೇ ನೋಡುತ್ತಾರೆ, ಎರಡನೆಯವರು ಪ್ಲಗ್ಗಿನ ಆಚೆಗಿನದನ್ನಷ್ಟೇ ನೋಡುತ್ತಾರೆ. ಪೂರ್ತಿ ಲೆಕ್ಕ ಹಾಕಲು ಬೇಕಾದ ವಿಜ್ಞಾನ ನಮ್ಮಲ್ಲಿದೆ. ಅದನ್ನು ಯಾರು ಬೇಕಾದರೂ ಕಾಗದ-ಪೆನ್ನು ಹಿಡಿದು ಮಾಡಬಹುದು.

ಸೀಸ ಕಲಿಸಿದ ಪಾಠ

ರೇವಾ ಹುಟ್ಟುವ ಮೊದಲೇ ಇಂಥದೊಂದು ಲೆಕ್ಕ ಜಗತ್ತಿನಾದ್ಯಂತ ಸದ್ದು ಮಾಡಿತ್ತು. 1995ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಆಗ ಎಲೆಕ್ಟ್ರಿಕ್ ಕಾರು ಎಂದರೆ ಸೀಸದ ಬ್ಯಾಟರಿಯ ಕಾರು. ಅದಿರು ಅಗೆಯುವಾಗ, ಕರಗಿಸುವಾಗ, ಬ್ಯಾಟರಿ ಕಟ್ಟುವಾಗ, ಹಳೆಯದನ್ನು ಮತ್ತೆ ಕರಗಿಸುವಾಗ ಎಷ್ಟು ಸೀಸ ಪರಿಸರಕ್ಕೆ ಸೇರುತ್ತದೆ ಎಂದು ಅವರು ಕೂಡಿಸಿದರು. ಬಂದ ಉತ್ತರ ಬೆಚ್ಚಿಬೀಳಿಸುವಂತಿತ್ತು. ಸೀಸ ಬೆರೆಸಿದ ಪೆಟ್ರೋಲ್ ಸುಡುವ ಕಾರಿಗಿಂತ ಎಲೆಕ್ಟ್ರಿಕ್ ಕಾರು ಪ್ರತಿ ಕಿಲೊಮೀಟರಿಗೆ 60 ಪಟ್ಟು ಹೆಚ್ಚು ಸೀಸ ಚೆಲ್ಲುತ್ತದೆ ಎಂದಿತು ಆ ಲೇಖನ.

ತಕ್ಷಣ ಆಕ್ಷೇಪಗಳೂ ಬಂದವು. ಅವುಗಳಲ್ಲಿ ಮುಖ್ಯವಾದದ್ದು ಹೀಗಿತ್ತು: ಕಾರಿನ ಹೊಗೆಯಲ್ಲಿ ಬರುವ ಸೀಸ ನೇರವಾಗಿ ಬೀದಿಯಲ್ಲಿ ನಡೆಯುವ ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಕುಲುಮೆಯ ಕಿಟ್ಟದಲ್ಲಿ ಉಳಿಯುವ ಸೀಸ ಒಂದು ಜಾಗದಲ್ಲಿ ಬಿದ್ದಿರುತ್ತದೆ. ಅದನ್ನು ಹಿಡಿದಿಡಲು ಸಾಧ್ಯ. ತೂಕ ಒಂದೇ ಇದ್ದರೂ ಅಪಾಯ ಒಂದೇ ಅಲ್ಲ.

ಈ ವಾದವಿವಾದದಿಂದ ಎರಡು ಪಾಠಗಳು ಉಳಿದವು. ಕಾರಿನ ಲೆಕ್ಕ ಬೀದಿಯಲ್ಲಿ ಶುರುವಾಗಿ ಬೀದಿಯಲ್ಲೇ ಮುಗಿಯಬಾರದು, ಗಣಿಯಿಂದ ಗುಜರಿಯವರೆಗೂ ಹೋಗಬೇಕು. ಮತ್ತು ಎಷ್ಟು ಮಾಲಿನ್ಯ ಎಂಬುದರ ಜೊತೆಗೆ ಎಲ್ಲಿ, ಯಾರ ಮೇಲೆ ಎಂದೂ ಕೇಳಬೇಕು.

ರೇವಾ ಕೂಡ ಸೀಸದ ಬ್ಯಾಟರಿಯ ಕಾರೇ. ಮುಂದಿನ ಸೀಟುಗಳ ಅಡಿಯಲ್ಲಿ 6 ವೋಲ್ಟಿನ ಎಂಟು ಬ್ಯಾಟರಿಗಳು. ಕಾರಿನ ಒಟ್ಟು ತೂಕ ಮುಕ್ಕಾಲು ಟನ್ ಆಸುಪಾಸು; ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಬ್ಯಾಟರಿಯದೇ. ಕೆಲವು ವರ್ಷಗಳಿಗೊಮ್ಮೆ ಎಂಟನ್ನೂ ಬದಲಿಸಬೇಕಿತ್ತು. ಹಳೆಯ ಬ್ಯಾಟರಿ ನೋಂದಾಯಿತ ಕಾರ್ಖಾನೆಗೆ ಹೋದರೆ ಅದರ ಸೀಸ ಬಹುಪಾಲು ಮತ್ತೆ ಬಳಕೆಗೆ ಬರುತ್ತದೆ. ಹಿತ್ತಲ ಕುಲುಮೆಗೆ ಹೋದರೆ ಅಲ್ಲಿನ ಕೆಲಸಗಾರನ ರಕ್ತಕ್ಕೆ ಸೇರುತ್ತದೆ. ಕಾರು ಒಂದೇ, ಬ್ಯಾಟರಿ ಒಂದೇ. ಗುಜರಿಗೆ ಕೊಟ್ಟ ಮೇಲೆ ಅದು ಹಿಡಿಯುವ ದಾರಿಯ ಮೇಲೆ ಅದರ ಪರಿಸರ ಯೋಗ್ಯತೆ ತೀರ್ಮಾನವಾಗುತ್ತಿತ್ತು. ಭಾರತ ಸೀಸದ ಪೆಟ್ರೋಲನ್ನು 2000ದಲ್ಲಿ ಪೂರ್ತಿ ನಿಲ್ಲಿಸಿತು. ಹಳೆ ಬ್ಯಾಟರಿಗಳನ್ನು ಮಾರಾಟಗಾರರ ಮೂಲಕ ವಾಪಸು ಪಡೆಯಬೇಕೆಂಬ ನಿಯಮವನ್ನು 2001ರಲ್ಲಿ ತಂದಿತು.

ಲೆಕ್ಕದ ವಿಧಾನ

ಗಣಿಯಿಂದ ಗುಜರಿಯವರೆಗಿನ ಈ ಲೆಕ್ಕಕ್ಕೆ ಜೀವನಚಕ್ರ ಮೌಲ್ಯಮಾಪನ ಎಂದು ಹೆಸರು. ಇದಕ್ಕೆ ಐಎಸ್ಒ 14040 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಅದರ ಮೊದಲ ನಿಯಮ, ಏನನ್ನು ಏನಕ್ಕೆ ಹೋಲಿಸುತ್ತಿದ್ದೇವೆ ಎಂಬುದನ್ನು ಮೊದಲೇ ಗಟ್ಟಿಮಾಡಿಕೊಳ್ಳುವುದು. ‘ಒಂದು ಕಾರಿಗೆ ಇನ್ನೊಂದು ಕಾರು’ ಎಂದರೆ ಸಾಲದು. ಎರಡೂ ಮಾಡಿಕೊಡುವ ಕೆಲಸ ಒಂದೇ ಆಗಿರಬೇಕು. ನಾವು ಹೀಗೆ ಇಟ್ಟುಕೊಳ್ಳೋಣ: ಸಣ್ಣ ಕಾರಿನಲ್ಲಿ ನಗರದ ದಟ್ಟಣೆಯ ನಡುವೆ 100 ಕಿಲೊಮೀಟರ್ ಓಡಾಟ. ಹೆಚ್ಚುಕಮ್ಮಿ ಬೆಂಗಳೂರಿನಿಂದ ಮಂಡ್ಯಕ್ಕಿರುವಷ್ಟು ದೂರ, ಆದರೆ ಓಡುವುದು ಊರೊಳಗಿನ ಸಿಗ್ನಲ್ಲುಗಳ ನಡುವೆ.

ಮೊದಲು ಪೆಟ್ರೋಲ್ ಕಾರು. ನಗರದಲ್ಲಿ ಲೀಟರಿಗೆ 15 ಕಿ.ಮೀ. ಕೊಡುತ್ತದೆ ಎಂದುಕೊಂಡರೆ 100 ಕಿ.ಮೀ.ಗೆ ಆರೂ ಮುಕ್ಕಾಲು ಲೀಟರಿನಷ್ಟು ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ 15 ಕಿಲೊಗಿಂತ ಸ್ವಲ್ಪ ಹೆಚ್ಚು. ಇದು ಕಣ್ಣೆದುರಿನ ಭಾಗ. ಕಚ್ಚಾತೈಲವನ್ನು ಬಾವಿಯಿಂದ ಎತ್ತಿ, ಹಡಗಿನಲ್ಲಿ ತಂದು, ಸಂಸ್ಕರಿಸಿ, ಟ್ಯಾಂಕರಿನಲ್ಲಿ ಬಂಕಿಗೆ ಮುಟ್ಟಿಸುವಷ್ಟರಲ್ಲಿ ಇನ್ನೂ ಐದನೇ ಒಂದು ಪಾಲಿನಷ್ಟು ಸೇರುತ್ತದೆ. ಒಟ್ಟು 18 ಕಿಲೊ ದಾಟುತ್ತದೆ. ಕಿಲೊಮೀಟರಿಗೆ ಸುಮಾರು 184 ಗ್ರಾಂ.

ಈಗ ಸಣ್ಣ ಇವಿ. 100 ಕಿ.ಮೀ. ಓಡಲು ಬ್ಯಾಟರಿಯಿಂದ ಸುಮಾರು 10 ಯೂನಿಟ್ ವಿದ್ಯುತ್ ಬೇಕು. ಚಾರ್ಜ್ ಆಗುವಾಗ ಸ್ವಲ್ಪ ಶಾಖವಾಗಿ ಸೋರುವುದರಿಂದ ಮನೆಯ ಮೀಟರಿನಲ್ಲಿ ಹನ್ನೊಂದೂವರೆ ಯೂನಿಟ್ ತೋರಿಸುತ್ತದೆ. ಆ ಹನ್ನೊಂದೂವರೆ ಯೂನಿಟ್ ಮನೆಗೆ ತಲುಪಬೇಕಾದರೆ ತಂತಿ, ಟ್ರಾನ್ಸ್‌ಫಾರ್ಮರುಗಳಲ್ಲಿ ಆಗುವ ನಷ್ಟ ಸೇರಿ ವಿದ್ಯುತ್ ಸ್ಥಾವರದಲ್ಲಿ ಹದಿಮೂರೂವರೆ ಯೂನಿಟ್ ಉತ್ಪಾದನೆಯಾಗಬೇಕು. ಭಾರತದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸರಾಸರಿ ಎಷ್ಟು ಇಂಗಾಲದ ಡೈಆಕ್ಸೈಡ್ ಎಂಬುದನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುತ್ತದೆ. ಈಚಿನ ವರ್ಷಗಳಲ್ಲಿ ಅದು 0.72 ಕಿಲೊ ಆಸುಪಾಸಿನಲ್ಲಿದೆ. ಗುಣಿಸಿದರೆ 9.7 ಕಿಲೊ, ಕಲ್ಲಿದ್ದಲು ಅಗೆದು ಸಾಗಿಸುವ ಖರ್ಚನ್ನೂ ಸೇರಿಸಿದರೆ 10 ಕಿಲೊ. ಕಿಲೊಮೀಟರಿಗೆ 100 ಗ್ರಾಂ.

‘ಶೂನ್ಯ ಮಾಲಿನ್ಯ’ ಎಂಬ ಘೋಷಣೆ ಇಲ್ಲಿ ಬಿದ್ದುಹೋಗುತ್ತದೆ. ‘ಪೆಟ್ರೋಲೇ ವಾಸಿ’ ಎಂಬ ವಾದವೂ ಬಿದ್ದುಹೋಗುತ್ತದೆ. ಮುಕ್ಕಾಲು ಪಾಲು ಕಲ್ಲಿದ್ದಲಿನಿಂದಲೇ ವಿದ್ಯುತ್ ತಯಾರಿಸುವ ನಮ್ಮ ದೇಶದಲ್ಲೂ ಸಣ್ಣ ಇವಿ ಕಿಲೊಮೀಟರಿಗೆ 80 ಗ್ರಾಂಗೂ ಹೆಚ್ಚು ಉಳಿಸುತ್ತದೆ. ಇದು ಹೇಗೆ ಸಾಧ್ಯ? ಪೆಟ್ರೋಲ್ ಎಂಜಿನ್ ನಗರದ ಓಡಾಟದಲ್ಲಿ ತನ್ನ ಇಂಧನದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ಮಾತ್ರ ಚಕ್ರಕ್ಕೆ ಮುಟ್ಟಿಸುತ್ತದೆ. ಉಳಿದದ್ದೆಲ್ಲ ಶಾಖವಾಗಿ ರೇಡಿಯೇಟರಿನಿಂದ, ಸೈಲೆನ್ಸರಿನಿಂದ ಹೋಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗಲೂ ಎಂಜಿನ್ ಕುಡಿಯುತ್ತಲೇ ಇರುತ್ತದೆ. ವಿದ್ಯುತ್ ಮೋಟಾರು ನಿಂತಾಗ ಏನನ್ನೂ ಬಳಸುವುದಿಲ್ಲ. ಬ್ರೇಕ್ ಒತ್ತಿದಾಗ ಅದೇ ಮೋಟಾರು ಜನರೇಟರಿನಂತೆ ತಿರುಗಿ ಒಂದಷ್ಟು ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಉಷ್ಣಸ್ಥಾವರದಲ್ಲಿ ಕಲ್ಲಿದ್ದಲಿನ ಮೂರನೇ ಎರಡರಷ್ಟು ಶಕ್ತಿ ವ್ಯರ್ಥವಾಗುತ್ತದೆ, ನಿಜ. ಆ ನಷ್ಟವನ್ನು ಸೇರಿಸಿದ ಮೇಲೂ ಮೋಟಾರಿನ ಮಿತವ್ಯಯವೇ ಗೆಲ್ಲುತ್ತದೆ.

ಹೆದ್ದಾರಿಯಲ್ಲಿ ಈ ಅಂತರ ಕಡಿಮೆಯಾಗುತ್ತದೆ. ಒಂದೇ ವೇಗದಲ್ಲಿ ಓಡುವಾಗ ಪೆಟ್ರೋಲ್ ಕಾರಿನ ಮೈಲೇಜ್ ಏರುತ್ತದೆ. ಇವಿಗೆ ಬ್ರೇಕಿನಿಂದ ಮರಳಿಸಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಸಣ್ಣ ಇವಿಯ ನಿಜವಾದ ಕ್ಷೇತ್ರ ಊರೊಳಗಿನ ಓಡಾಟ.

ಏಳು ಕಿಲೊ ಕಲ್ಲಿದ್ದಲು

ಕಾರ್ಬನ್ ಲೆಕ್ಕ ಗೆದ್ದಿತೆಂದು ಇಲ್ಲಿಗೇ ನಿಲ್ಲಿಸುವಂತಿಲ್ಲ. ಎಲ್ಲಿ, ಯಾರ ಮೇಲೆ ಎಂಬ ಪ್ರಶ್ನೆ ಬಾಕಿ ಇದೆ.

ನಮ್ಮ ಸ್ಥಾವರಗಳಲ್ಲಿ ಒಂದು ಯೂನಿಟ್ ತಯಾರಿಸಲು ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ಸರಾಸರಿ ಜಾಲದ ವಿದ್ಯುತ್ತಿನಲ್ಲಿ ಸಣ್ಣ ಇವಿ 100 ಕಿ.ಮೀ. ಓಡಿದರೆ ಎಲ್ಲೋ ದೂರದಲ್ಲಿ ಸುಮಾರು 7 ಕಿಲೊ ಕಲ್ಲಿದ್ದಲು ಉರಿದಿರುತ್ತದೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಬಹಳ ಹೆಚ್ಚು, ಮೂರನೇ ಒಂದರಷ್ಟು. ಹಾಗಾಗಿ ಅಷ್ಟು ಓಡಾಟಕ್ಕೆ ಎರಡು ಕಿಲೊಗೂ ಮೀರಿದ ಬೂದಿ ಎಲ್ಲೋ ಒಂದು ಹೊಂಡಕ್ಕೆ ಸೇರಿರುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ಉಷ್ಣಸ್ಥಾವರ ಇದೆ. ಬಳ್ಳಾರಿಯ ಕುಡತಿನಿಯಲ್ಲಿ 1,700 ಮೆಗಾವ್ಯಾಟಿನದು ಇದೆ. ಅವುಗಳ ಸುತ್ತಲಿನ ಹಳ್ಳಿಗಳಿಗೆ ಹಾರುಬೂದಿ, ಗಂಧಕದ ಡೈಆಕ್ಸೈಡು ಹೊಸ ಹೆಸರುಗಳೇನಲ್ಲ. ಬೆಂಗಳೂರಿನ ಬೀದಿಯ ಹೊಗೆ ಕಡಿಮೆಯಾಗುವುದು ಒಳ್ಳೆಯದೇ. ಲಕ್ಷಾಂತರ ಜನ ಉಸಿರಾಡುವ ಎತ್ತರದಲ್ಲಿ ಬರುವ ಹೊಗೆ ಅದು. ಆದರೆ ಅದರ ಒಂದು ಪಾಲನ್ನು ಶಕ್ತಿನಗರದವರು, ಕುಡತಿನಿಯವರು ಹೊರುತ್ತಿದ್ದಾರೆ ಎಂಬುದನ್ನು ಇವಿ ಕೊಳ್ಳುವವರು ಮರೆಯಬಾರದು. ಉಷ್ಣಸ್ಥಾವರಗಳ ಚಿಮಣಿಗಳಿಗೆ ಗಂಧಕ ಹೀರುವ ಸಾಧನ ಅಳವಡಿಸಿ ಎಂದು ಕೇಳುವ ನೈತಿಕ ಹೊಣೆಯೂ ಕಾರಿನ ಜೊತೆಗೇ ಬರುತ್ತದೆ.

ಕೆಲವರು ಹೇಳುತ್ತಾರೆ: ‘ಕರ್ನಾಟಕದಲ್ಲಿ ಶರಾವತಿಯ ನೀರಿನ ವಿದ್ಯುತ್ ಇದೆ, ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ, ಕೈಗಾದ ಅಣುವಿದ್ಯುತ್ ಇದೆ. ನಮ್ಮ ಕಾರು ದೇಶದ ಸರಾಸರಿಗಿಂತ ಶುದ್ಧ.’ ಅರ್ಧ ನಿಜ. 2013ರ ಡಿಸೆಂಬರ್ 31ರಿಂದ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲಕ್ಕೆ ಜೋಡಣೆಯಾಗಿ ಇಡೀ ಭಾರತ ಒಂದೇ ಜಾಲವಾಗಿದೆ. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ನೀವು ಪ್ಲಗ್ ಹಾಕಿದ ಆ ಗಳಿಗೆಯಲ್ಲಿ ಹೆಚ್ಚುವರಿ ಬೇಡಿಕೆಯನ್ನು ಪೂರೈಸಲು ಯಾವ ಸ್ಥಾವರ ತನ್ನ ಉತ್ಪಾದನೆ ಏರಿಸುತ್ತದೆ? ರಾತ್ರಿ ಹೊತ್ತು ಬಹುಪಾಲು ಅದು ಕಲ್ಲಿದ್ದಲಿನ ಸ್ಥಾವರ. ಮಧ್ಯಾಹ್ನ 11ರಿಂದ 3ರವರೆಗೆ ಸೌರವಿದ್ಯುತ್ ಧಾರಾಳವಾಗಿರುವ ಹೊತ್ತು. ಅದೇ ಕಾರು, ಅದೇ ಚಾರ್ಜರು. ಹೊತ್ತು ಬದಲಾದರೆ ಹೊಗೆಯ ಲೆಕ್ಕ ಬದಲಾಗುತ್ತದೆ. ಕಚೇರಿಗಳ, ಕಾರ್ಖಾನೆಗಳ ಪಾರ್ಕಿಂಗಿನಲ್ಲಿ ಹಗಲು ಚಾರ್ಜಿಂಗ್ ವ್ಯವಸ್ಥೆ ಬಂದರೆ ಆಗುವ ಲಾಭ ಇದೇ.

ಇವಿಯ ಪರವಾಗಿ ಇನ್ನೊಂದು ದೊಡ್ಡ ಅಂಶವಿದೆ. ಇಂದು ಕೊಂಡ ಪೆಟ್ರೋಲ್ ಕಾರು ಹತ್ತು ವರ್ಷದ ನಂತರವೂ ಪೆಟ್ರೋಲನ್ನೇ ಸುಡುತ್ತದೆ, ವಯಸ್ಸಾದಂತೆ ಹೊಗೆ ಹೆಚ್ಚೇ ಬಿಡುತ್ತದೆ. ಇಂದು ಕೊಂಡ ಇವಿ ಮಾತ್ರ ಜಾಲಕ್ಕೆ ಗಾಳಿ-ಬಿಸಿಲಿನ ವಿದ್ಯುತ್ ಸೇರಿದಂತೆಲ್ಲ ತಾನೂ ಶುದ್ಧವಾಗುತ್ತ ಹೋಗುತ್ತದೆ. 2025ರಲ್ಲಿ ಭಾರತದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ಅನಿಲ, ತೈಲಗಳಿಂದ ಹೊರತಾದ ಮೂಲಗಳದ್ದಾಯಿತು. ಬಿಸಿಲು, ಗಾಳಿ ದಿನವಿಡೀ ಸಿಗುವುದಿಲ್ಲವಾದ್ದರಿಂದ ನಿಜವಾದ ಉತ್ಪಾದನೆಯಲ್ಲಿ ಅವುಗಳ ಪಾಲು ಇನ್ನೂ ಕಡಿಮೆಯೇ. ಸರಾಸರಿ 0.72ರಿಂದ 0.5 ಕಿಲೊಗೆ ಇಳಿದ ದಿನ ನಮ್ಮ ಸಣ್ಣ ಇವಿಯ ಲೆಕ್ಕ ತಾನಾಗಿಯೇ ಕಿಲೊಮೀಟರಿಗೆ 70 ಗ್ರಾಂ ಆಸುಪಾಸಿಗೆ ಬರುತ್ತದೆ.

ಬ್ಯಾಟರಿ ಎಂಬ ಸಾಲ

ಇವಿ ಶೋರೂಮಿನಿಂದ ಹೊರಬರುವಾಗಲೇ ಬೆನ್ನ ಮೇಲೆ ಒಂದು ಸಾಲ ಹೊತ್ತುಕೊಂಡು ಬರುತ್ತದೆ. ಲಿಥಿಯಂ ಬ್ಯಾಟರಿ ತಯಾರಿಸಲು ಬಹಳ ಶಕ್ತಿ ಬೇಕು. ಅದಿರನ್ನು ಶುದ್ಧೀಕರಿಸಬೇಕು, ವಿದ್ಯುದ್ವಾರಗಳಿಗೆ ಬಳಿದ ಲೇಪವನ್ನು ಒಣಗಿಸಬೇಕು, ತೇವವೇ ಇಲ್ಲದ ಕೋಣೆಗಳಲ್ಲಿ ಜೋಡಿಸಬೇಕು. ಜಗತ್ತಿನ ಬಹುಪಾಲು ಬ್ಯಾಟರಿ ತಯಾರಾಗುವುದು ಚೀನಾದಲ್ಲಿ. ಅಲ್ಲಿನ ವಿದ್ಯುತ್ತಿನಲ್ಲೂ ಕಲ್ಲಿದ್ದಲಿನ ಪಾಲು ದೊಡ್ಡದು. ಒಂದು ಯೂನಿಟ್ ಹಿಡಿಸುವ ಬ್ಯಾಟರಿ ತಯಾರಿಸಲು 60ರಿಂದ 100 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ ಎಂದು ಈಚಿನ ಹಲವು ಅಧ್ಯಯನಗಳು ಹೇಳುತ್ತವೆ. ನಡುವಿನ 80 ಕಿಲೊ ಹಿಡಿಯೋಣ.

ಎಂಜಿ ಕಾಮೆಟ್‌ನ ಬ್ಯಾಟರಿ 17 ಯೂನಿಟ್ಟಿನದು. ಟಿಯಾಗೊದ ಚಿಕ್ಕ ಬ್ಯಾಟರಿ 19 ಯೂನಿಟ್ಟಿನದು. ಸುಮಾರಾಗಿ 20 ಎಂದುಕೊಂಡರೆ ಸಾಲ 1,600 ಕಿಲೊ. ಕಿಲೊಮೀಟರಿಗೆ 80 ಗ್ರಾಂ ಉಳಿತಾಯದ ಲೆಕ್ಕದಲ್ಲಿ 20,000 ಕಿ.ಮೀ. ಓಡಿದರೆ ಸಾಲ ತೀರುತ್ತದೆ. ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಎರಡು ವರ್ಷ. 5,000 ಓಡಿಸುವವರಿಗೆ ನಾಲ್ಕು ವರ್ಷ. ಆಮೇಲಿನ ಓಡಾಟವೆಲ್ಲ ನಿಜವಾದ ಉಳಿತಾಯ. ವಾರಕ್ಕೊಮ್ಮೆ ಹೊರಬಂದು ಉಳಿದ ದಿನ ಶೆಡ್ಡಿನಲ್ಲಿ ನಿಲ್ಲುವ ಎರಡನೇ ಕಾರು ಇವಿಯಾಗಿದ್ದರೆ ಪರಿಸರಕ್ಕೆ ಅದರಿಂದ ಉಪಕಾರ ಬಹಳ ತಡವಾಗಿ ಆಗುತ್ತದೆ.

ಈಗ ಕಾರಿನ ಗಾತ್ರ ಬದಲಿಸಿ ನೋಡಿ. ಎರಡು ಟನ್ ಮೀರಿದ ದೊಡ್ಡ ಎಲೆಕ್ಟ್ರಿಕ್ ಎಸ್‌ಯುವಿಯಲ್ಲಿ 80 ಯೂನಿಟ್ಟಿನ ಬ್ಯಾಟರಿ ಇರುತ್ತದೆ. ಹುಟ್ಟುವಾಗಲೇ 6,400 ಕಿಲೊ ಸಾಲ. ಅಷ್ಟು ತೂಕ ಎಳೆಯಲು 100 ಕಿ.ಮೀ.ಗೆ ಬ್ಯಾಟರಿಯಿಂದ 18 ಯೂನಿಟ್ ಬೇಕು ಎಂದುಕೊಂಡರೆ, ಹಿಂದಿನ ದಾರಿಯಲ್ಲೇ ಗುಣಿಸುತ್ತ ಹೋದಾಗ ಕಿಲೊಮೀಟರಿಗೆ 180 ಗ್ರಾಂ ಬರುತ್ತದೆ. ನಾವು ಮೊದಲು ಲೆಕ್ಕ ಹಾಕಿದ ಸಣ್ಣ ಪೆಟ್ರೋಲ್ ಕಾರಿನದು 184. ಅಂದರೆ ಇಂದಿನ ನಮ್ಮ ಜಾಲದ ವಿದ್ಯುತ್ತಿನಲ್ಲಿ ಭಾರೀ ಎಲೆಕ್ಟ್ರಿಕ್ ಎಸ್‌ಯುವಿಯೂ ಪೆಟ್ರೋಲ್ ಕುಡಿಯುವ ಪುಟ್ಟ ಕಾರೂ ಹೆಚ್ಚುಕಮ್ಮಿ ಸಮ. ಬ್ಯಾಟರಿಯ ಸಾಲ ಸೇರಿಸಿದರೆ ಎಸ್‌ಯುವಿಯೇ ಹಿಂದೆ ಬೀಳುತ್ತದೆ. ಅಷ್ಟೇ ದೊಡ್ಡ ಪೆಟ್ರೋಲ್ ಎಸ್‌ಯುವಿಗೆ ಹೋಲಿಸಿದರೆ ಅದು ಮೇಲು, ಸಂಶಯವಿಲ್ಲ. ಆದರೆ ಅದರ ಹಸಿರು ನಂಬರ್ ಪ್ಲೇಟು ಈ ವಿವರಗಳನ್ನೆಲ್ಲ ಮುಚ್ಚಿಡುತ್ತದೆ. ಹದಿನೇಳು ಯೂನಿಟ್ಟಿನ ಕಾಮೆಟ್ಟಿಗೂ ಎಂಬತ್ತು ಯೂನಿಟ್ಟಿನ ಎಸ್‌ಯುವಿಗೂ ಒಂದೇ ಹಸಿರು.

ನಮ್ಮ ಈ ಕಾಗದದ ಲೆಕ್ಕವನ್ನು ವಿಸ್ತಾರವಾದ ಅಧ್ಯಯನದ ಜೊತೆ ತಾಳೆ ನೋಡಬಹುದು. ಐಸಿಸಿಟಿ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳ ಹೊಗೆ ವಂಚನೆ ಬಯಲಿಗೆ ಬರಲು ಕಾರಣವಾದ ಪರೀಕ್ಷೆಗಳನ್ನು ಮಾಡಿಸಿದ್ದು ಅದೇ ಸಂಸ್ಥೆ. 2021ರಲ್ಲಿ ಅದು ನಾಲ್ಕು ಪ್ರದೇಶಗಳ ಕಾರುಗಳ ಜೀವನಚಕ್ರ ಲೆಕ್ಕ ಪ್ರಕಟಿಸಿತು. ಪೆಟ್ರೋಲ್ ಕಾರಿಗೆ ಹೋಲಿಸಿದರೆ ಇವಿಯ ಉಳಿತಾಯ ಯುರೋಪಿನಲ್ಲಿ ಶೇ 66–69, ಅಮೆರಿಕದಲ್ಲಿ ಶೇ 60–68, ಚೀನಾದಲ್ಲಿ ಶೇ 37–45, ಭಾರತದಲ್ಲಿ ಶೇ 19–34. ನಮ್ಮ ಲೆಕ್ಕಕ್ಕೆ ಕಾರಿನ ಒಡಲು ತಯಾರಿಸುವ ಖರ್ಚನ್ನು ಎರಡೂ ಕಡೆ ಸುಮಾರು 4 ಟನ್ ಎಂದು ಸೇರಿಸಿ, ಒಂದೂವರೆ ಲಕ್ಷ ಕಿಲೊಮೀಟರಿಗೆ ಹಂಚಿದರೆ ಪೆಟ್ರೋಲ್ ಕಾರು ಕಿಲೊಮೀಟರಿಗೆ 211 ಗ್ರಾಂ, ಸಣ್ಣ ಇವಿ 137 ಗ್ರಾಂ. ಉಳಿತಾಯ ಮೂರನೇ ಒಂದರಷ್ಟು. ಐಸಿಸಿಟಿಯ ಮೇಲಿನ ಅಂಚಿಗೆ ಹತ್ತಿರ. ದೇಶದಿಂದ ದೇಶಕ್ಕೆ ಉತ್ತರ ಇಷ್ಟು ಬದಲಾಗುತ್ತದೆ ಎಂದರೆ, ವಿದ್ಯುತ್ತಿನ ಮೂಲವೇ ಈ ಲೆಕ್ಕದ ಅತಿ ದೊಡ್ಡ ಅಂಕಿ ಎಂದಾಯಿತು.

ಗಣಿ, ಟೈರು, ಗುಜರಿ

ಇಂಗಾಲದ ಆಚೆಗೂ ಲೆಕ್ಕವಿದೆ. 20 ಯೂನಿಟ್ಟಿನ ಬ್ಯಾಟರಿಯಲ್ಲಿ ಸುಮಾರು ಎರಡು ಕಿಲೊ ಲಿಥಿಯಂ ಇರುತ್ತದೆ. 80 ಯೂನಿಟ್ಟಿನದರಲ್ಲಿ ಅದರ ನಾಲ್ಕು ಪಟ್ಟು. ಲಿಥಿಯಂ ಬರುವುದು ಮುಖ್ಯವಾಗಿ ಆಸ್ಟ್ರೇಲಿಯಾದ ಬಂಡೆಗಳಿಂದ ಮತ್ತು ಚಿಲಿಯ ಅಟಕಾಮ ಮರುಭೂಮಿಯ ಉಪ್ಪುನೀರಿನಿಂದ. ಮೊದಲೇ ನೀರಿಲ್ಲದ ಅಟಕಾಮದಲ್ಲಿ ನೆಲದಡಿಯ ಉಪ್ಪುನೀರನ್ನು ಎತ್ತಿ ಬಿಸಿಲಿಗೆ ಆವಿಯಾಗಿಸುತ್ತಾರೆ; ಸುತ್ತಲಿನ ಮೂಲನಿವಾಸಿ ಸಮುದಾಯಗಳು ಅದನ್ನು ಪ್ರಶ್ನಿಸುತ್ತ ಬಂದಿವೆ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆ ಅಂದಾಜಿಸಿದೆ. ಜಾಗತಿಕ ಲೆಕ್ಕದಲ್ಲಿ ಅದು ಬಹಳ ಚಿಕ್ಕ ಮೊತ್ತ. ಸಣ್ಣ ಇವಿಗಳಲ್ಲಿ ಹೆಚ್ಚಾಗಿ ಬಳಸುವ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗೆ ಕೋಬಾಲ್ಟ್ ಬೇಕಿಲ್ಲ, ನಿಕ್ಕಲ್ ಬೇಕಿಲ್ಲ. ಕಾಂಗೋ ದೇಶದ ಕೋಬಾಲ್ಟ್ ಗಣಿಗಳಲ್ಲಿ ಮಕ್ಕಳು ದುಡಿಯುವ ಸಂಗತಿ ತಿಳಿದವರಿಗೆ ಇದು ಸಣ್ಣ ಸಮಾಧಾನವಲ್ಲ.

ಟೈರು ಮತ್ತು ಬ್ರೇಕುಗಳ ಸವೆತದಿಂದ ಏಳುವ ಸೂಕ್ಷ್ಮ ಧೂಳು ಎಲ್ಲ ಕಾರುಗಳಲ್ಲೂ ಇದೆ. ಇವಿಯಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡುಗಳು ನಿಧಾನವಾಗಿ ಸವೆಯುತ್ತವೆ. ಟೈರಿನ ವಿಷಯದಲ್ಲಿ ತೂಕ ಹೆಚ್ಚಿದಷ್ಟೂ ಸವೆತ ಹೆಚ್ಚು. ಯುರೋಪಿನ ಹೊಸ ‘ಯುರೋ 7’ ನಿಯಮಗಳು ಮೊದಲ ಬಾರಿಗೆ ಬ್ರೇಕಿನ ಧೂಳಿಗೂ ಮಿತಿ ಹಾಕಿವೆ. ಹೊಗೆಯಿಲ್ಲದ ಕಾರುಗಳ ಕಾಲದಲ್ಲಿ ಮುಂದಿನ ಗಮನ ಈ ಧೂಳಿನ ಕಡೆಗೇ. ಇಲ್ಲೂ ಹಗುರ ಕಾರಿಗೇ ಹೆಚ್ಚು ಅಂಕ.

ಇನ್ನು ಕೊನೆಯ ಹಂತ. ಕಾರಿನಲ್ಲಿ ಬಳಸಿ ಸಾಮರ್ಥ್ಯ ತಗ್ಗಿದ ಲಿಥಿಯಂ ಬ್ಯಾಟರಿಯನ್ನು ತಕ್ಷಣ ಒಡೆಯಬೇಕಿಲ್ಲ. ಮನೆಯ ಯುಪಿಎಸ್‌ಗೆ, ಸೌರವಿದ್ಯುತ್ ಕೂಡಿಡಲು ಅದು ಇನ್ನೂ ಕೆಲವು ವರ್ಷ ಬರುತ್ತದೆ. ಆಮೇಲೆ ಅದರ ಲೋಹಗಳನ್ನು ಹಿಂಪಡೆಯಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ಹೊಣೆಯನ್ನು ತಯಾರಕರ ಮೇಲೇ ಹಾಕಿವೆ. ಇವಿ ಬ್ಯಾಟರಿಯ ವಸ್ತುಗಳಲ್ಲಿ ಶೇ 90ರಷ್ಟನ್ನು 2026–27ರಿಂದ ಹಿಂಪಡೆಯಬೇಕೆಂಬ ಗುರಿ ಅದರಲ್ಲಿದೆ. ನಿಯಮ ಚೆನ್ನಾಗಿದೆ. ಆದರೆ ಸೀಸದ ಬ್ಯಾಟರಿಗೆ 2001ರಿಂದ ನಿಯಮವಿದ್ದರೂ ಹಿತ್ತಲ ಕುಲುಮೆಗಳು ಇಂದಿಗೂ ಉರಿಯುತ್ತಿವೆ. ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಅದು ಮರುಕಳಿಸದಂತೆ ನೋಡಿಕೊಳ್ಳಲು ನಮಗಿರುವುದು ಕೆಲವೇ ವರ್ಷಗಳ ಕಾಲಾವಕಾಶ. ಮೊದಲ ತಲೆಮಾರಿನ ಲಿಥಿಯಂ ಕಾರುಗಳ ಬ್ಯಾಟರಿಗಳು ಆಗಲೇ ಗುಜರಿಗೆ ಬರತೊಡಗುವ ಹಂತದಲ್ಲಿವೆ.

ಒಳಗೆ ಎಷ್ಟು ಜನ?

ಇಲ್ಲಿಯವರೆಗೆ ಕಾರನ್ನು ಕಾರಿಗೆ ಹೋಲಿಸಿದೆವು. ನಿಜಕ್ಕೂ ಹೋಲಿಸಬೇಕಾದದ್ದು ಒಬ್ಬ ಮನುಷ್ಯ ಒಂದು ಕಿಲೊಮೀಟರ್ ಹೋಗುವುದಕ್ಕೆ ತಗಲುವ ವೆಚ್ಚವನ್ನು. ಸಣ್ಣ ಇವಿಯಲ್ಲಿ ಒಬ್ಬರೇ ಹೋದರೆ ಅವರ ಪಾಲಿಗೆ 100 ಗ್ರಾಂ. ನಾಲ್ವರು ಹೋದರೆ ತಲಾ 25. ಲೀಟರಿಗೆ 4 ಕಿ.ಮೀ. ಕೊಡುವ ಮಾಮೂಲಿ ಡೀಸೆಲ್ ಸಿಟಿ ಬಸ್ಸಿನಲ್ಲಿ 40 ಜನರಿದ್ದರೆ ತಲಾ 20 ಗ್ರಾಂ. ಅಂದರೆ ಒಬ್ಬರೇ ಕೂತ ಇವಿಗಿಂತ ಹೊಗೆ ಕಾರುವ ಹಳೇ ಬಿಎಂಟಿಸಿ ಬಸ್ಸೇ ಐದು ಪಟ್ಟು ವಾಸಿ. ಅದೇ ಬಸ್ಸು ವಿದ್ಯುತ್ತಿನದಾದರೆ ಬೀದಿಯ ಹೊಗೆಯ ದೂರೂ ಇರುವುದಿಲ್ಲ. ಎಲೆಕ್ಟ್ರಿಕ್ ಸ್ಕೂಟರ್ ಕಿಲೊಮೀಟರಿಗೆ ಕಾರಿನ ಮೂರನೇ ಒಂದರಷ್ಟು ವಿದ್ಯುತ್ ಬಳಸುತ್ತದೆ, ಬ್ಯಾಟರಿಯೂ ಎರಡು-ಮೂರು ಯೂನಿಟ್ಟಿನದು ಮಾತ್ರ. ನಗರದಲ್ಲಿ ಒಬ್ಬರೇ ಓಡಾಡುವವರಿಗೆ ಕಾರಿಗಿಂತ ಅದೇ ಸರಿಯಾದ ವಾಹನ.

ಇದೆಲ್ಲವನ್ನೂ ಕೂಡಿಸಿದಾಗ ಸಣ್ಣ ಎಲೆಕ್ಟ್ರಿಕ್ ಕಾರಿನ ಬಗ್ಗೆ ತೀರ್ಪು ಹೀಗಿದೆ. ನಗರದಲ್ಲಿ, ದಿನವೂ, ಒಬ್ಬರಿಗಿಂತ ಹೆಚ್ಚು ಜನ ಓಡಾಡುವ ಕುಟುಂಬಕ್ಕೆ ಅದು ಪೆಟ್ರೋಲ್ ಕಾರಿಗಿಂತ ಖಂಡಿತ ಒಳ್ಳೆಯ ಆಯ್ಕೆ. ಇಂದು ಮೂರನೇ ಒಂದರಷ್ಟು ಉಳಿತಾಯ, ಜಾಲ ಶುದ್ಧವಾದಂತೆ ಇನ್ನೂ ಹೆಚ್ಚು. ಈ ಒಳ್ಳೆಯತನದಲ್ಲಿ ‘ಎಲೆಕ್ಟ್ರಿಕ್’ ಎನ್ನುವುದರ ಪಾಲೆಷ್ಟೋ ‘ಸಣ್ಣ’ ಎನ್ನುವುದರ ಪಾಲೂ ಅಷ್ಟೇ. ಗಾತ್ರ ಬೆಳೆದರೆ ಮೋಟಾರಿನಿಂದ ಗಳಿಸಿದ್ದನ್ನು ತೂಕ ತಿಂದುಹಾಕುತ್ತದೆ. ರೇವಾದ ಬ್ಯಾಟರಿಯಲ್ಲಿ ದೋಷಗಳಿದ್ದವು, ವೇಗ ಕಡಿಮೆಯಿತ್ತು. ಆದರೆ ನಗರಕ್ಕೆ ಎಷ್ಟು ಬೇಕೋ ಅಷ್ಟೇ ದೊಡ್ಡ ಕಾರು ಎಂಬ ಅದರ ಮೂಲ ವಿಚಾರ ಸರಿಯಾಗಿತ್ತು. ಇಂದಿನ ಮಾರುಕಟ್ಟೆ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ಹೆಚ್ಚು ರೇಂಜು, ಹೆಚ್ಚು ತೂಕದ ಕಡೆಗೆ ಓಡುತ್ತಿದೆ.

ಸರ್ಕಾರದ ನೀತಿಯೂ ಇದಕ್ಕೆ ಒತ್ತಾಸೆಯಾಗಿದೆ. ಪೆಟ್ರೋಲ್ ಕಾರುಗಳಿಗೆ ಉದ್ದ ಮತ್ತು ಎಂಜಿನ್ ಗಾತ್ರ ನೋಡಿ ಜಿಎಸ್‌ಟಿ ಹಾಕುತ್ತಾರೆ. ಎಲೆಕ್ಟ್ರಿಕ್ ಕಾರು ಎಷ್ಟೇ ದೊಡ್ಡದಿರಲಿ, ಶೇ 5 ಮಾತ್ರ. ಬ್ಯಾಟರಿಯ ಗಾತ್ರ ಮತ್ತು 100 ಕಿ.ಮೀ.ಗೆ ಬಳಸುವ ಯೂನಿಟ್ಟುಗಳನ್ನು ನೋಡಿ ತೆರಿಗೆಯ ರಿಯಾಯಿತಿ ನೀಡಿದರೆ ಸಾರ್ವಜನಿಕ ಹಣ ನಿಜವಾದ ಹಸಿರಿಗೆ ಸಲ್ಲುತ್ತದೆ.

ಕಾರು ಕೊಳ್ಳಲು ಹೊರಟವರು ಶೋರೂಮಿನಲ್ಲಿ ‘ಒಂದು ಚಾರ್ಜಿಗೆ ಎಷ್ಟು ಕಿಲೊಮೀಟರ್’ ಎಂದಷ್ಟೇ ಕೇಳಬೇಡಿ. ‘100 ಕಿಲೊಮೀಟರಿಗೆ ಎಷ್ಟು ಯೂನಿಟ್, ಬ್ಯಾಟರಿ ಯಾವ ಬಗೆಯದು, ಹಳತಾದ ಮೇಲೆ ವಾಪಸು ತೆಗೆದುಕೊಳ್ಳುತ್ತೀರಾ’ ಎಂದು ಕೇಳಿ. ನಿಮ್ಮ ಓಡಾಟಕ್ಕೆ ಸಾಕಾಗುವ ಅತಿ ಚಿಕ್ಕ ಬ್ಯಾಟರಿಯನ್ನು ಆರಿಸಿ. ಸಾಧ್ಯವಾದಾಗಲೆಲ್ಲ ಹಗಲು ಹೊತ್ತು ಚಾರ್ಜ್ ಮಾಡಿ. ಕೊಂಡ ಮೇಲೆ ಎರಡು-ಮೂರು ವರ್ಷಕ್ಕೆ ಬದಲಿಸದೆ ಅದರ ಆಯುಸ್ಸು ಮುಗಿಯುವವರೆಗೂ ಓಡಿಸಿ. ಮತ್ತು ಬಸ್ಸು, ಮೆಟ್ರೊ ಇರುವ ದಾರಿಯಲ್ಲಿ ಕಾರನ್ನು ಮನೆಯಲ್ಲೇ ಬಿಟ್ಟು ಹೋಗಿ.